ಕೊರಳಿಗೆ ಹಾರ, ಬಾಗಿಲಿಗೆ ರೀತ್: ಯಾವುದು ಯಾವಾಗ, ಯಾಕೆ?

ಡಿಸೆಂಬರ್ ಶುರುವಾದರೆ ಬೆಂಗಳೂರಿನ ಮಾಲ್‌ಗಳಲ್ಲಿ, ಅಪಾರ್ಟ್‌ಮೆಂಟ್ ಬಾಗಿಲುಗಳಲ್ಲಿ ರೀತ್ ಎಂಬ ದುಂಡಗಿನ ಹಸಿರು ಚಕ್ರಗಳು ಕಾಣಿಸಿಕೊಳ್ಳುತ್ತವೆ. ಕೆಂಪು ರಿಬ್ಬನ್, ಸಣ್ಣ ಗಂಟೆ, ಅಲ್ಲಲ್ಲಿ ಕೆಂಪು ಹಣ್ಣು. ನೋಡೋಕೆ ಚೆನ್ನಾಗಿಯೇ ಇರುತ್ತವೆ. ಆದರೆ ಹುತಾತ್ಮ ಯೋಧರ ಪೆಟ್ಟಿಗೆಯ ಮುಂದೆ ಇಡುವುದೂ ಇಂಥದ್ದೇ ಚಕ್ರ ಅಲ್ವಾ? ಸಾವಿಗೆ ಇಡುವುದನ್ನು ಮನೆ ಬಾಗಿಲಿಗೆ ಯಾಕಪ್ಪಾ ಕಟ್ಟುತ್ತಾರೆ ಎಂದು ಮನೆಯ ಹಿರಿಯರು ಕೇಳಿದರೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ.

ಗೊಂದಲ ಇದೊಂದೇ ಅಲ್ಲ. ಆಫೀಸಿನ ಕ್ರೈಸ್ತ ಗೆಳೆಯರ ಮನೆಯಲ್ಲಿ ಸಾವಾದಾಗ ಹಾರ ಒಯ್ಯಬೇಕೋ ರೀತ್ ಒಯ್ಯಬೇಕೋ ಎಂದು ನಮ್ಮವರು ತಡವರಿಸುತ್ತಾರೆ. ಹೊರದೇಶದಿಂದ ಬಂದ ಅತಿಥಿಗಳು, ವೇದಿಕೆ ಮೇಲಿದ್ದವರೆಲ್ಲ ಹಾಕಿಸಿಕೊಂಡ ಹಾರವನ್ನು ಮರುಕ್ಷಣವೇ ತೆಗೆದು ಮೇಜಿನ ಮೇಲಿಡುವುದನ್ನು ಕಂಡು ಕಕ್ಕಾಬಿಕ್ಕಿಯಾಗುತ್ತಾರೆ.

ಹೂವು ಎಲ್ಲ ಕಡೆಯೂ ಅದೇ. ಕಟ್ಟಿದ ಮೇಲೆ ಅದು ಎಲ್ಲಿ ಹೋಗಿ ಕೂರುತ್ತದೆ, ಕೊರಳಲ್ಲೋ, ನೆಲದಲ್ಲೋ, ಬಾಗಿಲಲ್ಲೋ ಎಂಬುದನ್ನು ಗಮನಿಸಿದರೆ ಮುಕ್ಕಾಲು ಪಾಲು ಅರ್ಥ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

## ಮೊದಲು ಯಾವುದು ಏನು ಅಂತ ನೋಡೋಣ

ದಂಡೆ ಅಂದರೆ ತಲೆಗೆ ಮುಡಿಯಲು ಒತ್ತಾಗಿ ಕಟ್ಟಿದ ತುಂಡು ಮಾಲೆ. ಹೂವಾಡಗಿತ್ತಿ ಬುಟ್ಟಿಯಲ್ಲಿ ಸುತ್ತಿಟ್ಟು ಅಳೆದು ಕೊಡುವ ಉದ್ದನೆಯದು ಮಾಲೆ. ಅದಕ್ಕೆ ತುದಿ ಮೊದಲು ಎಂದು ವಿಶೇಷವೇನಿಲ್ಲ, ಎಲ್ಲಿ ಬೇಕಾದರೂ ಕತ್ತರಿಸಬಹುದು. ಹಾರ ಹಾಗಲ್ಲ. ಎರಡು ಎಳೆ ಕೆಳಗೆ ಬಂದು ಸೇರಬೇಕು, ಸೇರಿದ ಕಡೆ ಕುಚ್ಚು ಇಳಿಬಿಡಬೇಕು. ಅದರ ಅಳತೆಯೇ ಒಬ್ಬರ ಎದೆಯ ಅಳತೆ. ಬಾಗಿಲಿಗೆ ಅಡ್ಡ ಕಟ್ಟಿದರೆ ತೋರಣ.

ಇನ್ನು ಪತ್ರಿಕೆಗಳು ಪುಷ್ಪಚಕ್ರ ಎಂದು ಬರೆಯುವ, ಹೂವಿನ ಅಂಗಡಿಯವರು ರೀತ್ ಎಂದೇ ಕರೆಯುವ ದುಂಡನೆಯ ವಸ್ತು. ಇದರ ಒಳಗೆ ಬಿದಿರು, ತಂತಿ ಅಥವಾ ಹುಲ್ಲಿನ ಗಟ್ಟಿ ಬಳೆ ಇರುತ್ತದೆ. ಅದರ ಸುತ್ತ ಎಲೆ, ಹೂವು ಸಿಕ್ಕಿಸುತ್ತಾರೆ.

ಮುಖ್ಯ ವ್ಯತ್ಯಾಸ ಇರುವುದು ಈ ಬಳೆಯಲ್ಲಿ. ಹಾರದೊಳಗೆ ಬರೀ ದಾರ. ನೆಲದ ಮೇಲಿಟ್ಟರೆ ಅದು ಒಂದು ರಾಶಿ, ಅಷ್ಟೇ. ಕೊರಳು ಸಿಕ್ಕಾಗ ಮಾತ್ರ ಅದಕ್ಕೆ ಆಕಾರ ಬರುತ್ತದೆ. ಅಂದರೆ ಹಾರಕ್ಕೆ ತಲೆ ಬಾಗಿಸಿ ಹಾಕಿಸಿಕೊಳ್ಳುವ ಒಬ್ಬರು ಬೇಕೇ ಬೇಕು. ರೀತ್‌ಗೆ ಯಾರೂ ಬೇಕಿಲ್ಲ. ಅದು ತನ್ನಷ್ಟಕ್ಕೆ ನಿಲ್ಲುತ್ತದೆ. ಹಾಗಾಗಿ ಸಮಾಧಿ, ಸ್ಮಾರಕ, ಬಾಗಿಲು, ಪೆಟ್ಟಿಗೆ ಹೀಗೆ ಕೊರಳಿಲ್ಲದ ಕಡೆಗಳಿಗೆಲ್ಲ ಅದೇ ಸರಿಹೊಂದುತ್ತದೆ.

## ಮೊಳ, ಮಾರು ಮತ್ತು ಬಾಳೆನಾರು

ಬೆಂಗಳೂರಿನಲ್ಲಿ ಹಾರದ ಕಥೆ ಶುರುವಾಗುವುದು ಕೆ.ಆರ್. ಮಾರ್ಕೆಟ್‌ನಿಂದ. 1928ರಲ್ಲಿ ಕೃಷ್ಣರಾಜೇಂದ್ರ ಒಡೆಯರ ಹೆಸರಿನಲ್ಲಿ ಶುರುವಾದ ಈ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಜೋರಾಗಿರುತ್ತದೆ. ಚಿಕ್ಕಬಳ್ಳಾಪುರ, ಕೋಲಾರ, ದೊಡ್ಡಬಳ್ಳಾಪುರ, ಹೊಸೂರು, ತಮಿಳುನಾಡಿನ ಒಳಜಿಲ್ಲೆಗಳಿಂದ ಮೂಟೆಗಟ್ಟಲೆ ಬಿಡಿ ಹೂವು ಬರುತ್ತದೆ. ಸಗಟಿನಲ್ಲಿ ಹೂವು ಕೆ.ಜಿ. ಲೆಕ್ಕ. ಕಟ್ಟಿದ ಮೇಲೆ ಲೆಕ್ಕವೇ ಬದಲಾಗುತ್ತದೆ: ಮೊಳ, ಮಾರು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಎರಡೂ ತೋಳು ಚಾಚಿದರೆ ಒಂದು ಮಾರು, ಸುಮಾರು ನಾಲ್ಕು ಮೊಳ. ಮಾರುವವರ ಕೈ ಗಿಡ್ಡವೋ ಉದ್ದವೋ ಎನ್ನುವ ತಕರಾರು ಇಲ್ಲಿ ಹಳೆಯದು, ಮುಗಿಯುವಂಥದ್ದೂ ಅಲ್ಲ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಗೆ ಈ ಅಳತೆ ನಡೆಯದು. ಅಲ್ಲಿ ಚೆಂಡು, ಅಟ್ಟೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ.

ಕಟ್ಟುವುದು ಬೇರೆ, ಪೋಣಿಸುವುದು ಬೇರೆ. ಮಲ್ಲಿಗೆ, ಕಾಕಡ, ಕನಕಾಂಬರಗಳನ್ನು ಕಟ್ಟುತ್ತಾರೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರಿನ ಒಂದು ಸುತ್ತು, ಒಂದು ಬಿಗಿ. ನೆನೆಸಿದ ಬಾಳೆನಾರು ಮೆತ್ತಗಿರುತ್ತದೆ, ತೇವ ಹಿಡಿದಿಟ್ಟುಕೊಳ್ಳುತ್ತದೆ, ಎಳೆಯ ತೊಟ್ಟನ್ನು ಕತ್ತರಿಸುವುದಿಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತೇವಲ್ಲ, ಕಟ್ಟುವವರನ್ನು ಕೇಳಿದರೆ ನಾರಿಗೂ ಅಷ್ಟು ಯೋಗ್ಯತೆ ಇದೆ ಎಂದಾರು. ಚೆಂಡುಹೂವು, ಸುಗಂಧರಾಜದಂಥ ಗಟ್ಟಿ ಹೂವಿಗೆ ಸೂಜಿ. ದಪ್ಪ ಹಾರಗಳೆಲ್ಲ ಸೂಜಿಯ ಕೆಲಸ.

ಯಾವ ಹೂವನ್ನು ಯಾಕೆ ಬಳಸುತ್ತಾರೆ ಎಂಬುದಕ್ಕೆ ಶಾಸ್ತ್ರಕ್ಕಿಂತ ಮೊದಲು ಗಿಡದ ಸ್ವಭಾವವೇ ಕಾರಣ. ಮಲ್ಲಿಗೆ ಇರುಳಿನಲ್ಲಿ ಹಾರುವ ಪತಂಗಗಳನ್ನು ಕರೆಯಲು ಕತ್ತಲಾಗುವಾಗ ಅರಳುತ್ತದೆ. ಬಿಳಿ ಬಣ್ಣ, ಗಾಢ ಪರಿಮಳ ಎರಡೂ ಅದಕ್ಕಾಗಿಯೇ. ಬೆಳಗ್ಗೆ ಮೊಗ್ಗಾಗಿ ಕಿತ್ತು ಕಟ್ಟಿದರೆ ಸಂಜೆ ಆರತಕ್ಷತೆಯ ಹೊತ್ತಿಗೆ ಜಡೆಯಲ್ಲೇ ಬಿರಿಯುತ್ತದೆ. ಕನಕಾಂಬರಕ್ಕೆ ವಾಸನೆ ಇಲ್ಲ, ಆದರೆ ಬೇಗ ಬಾಡದು, ತೂಕವೂ ಕಡಿಮೆ. ಕೆ.ಜಿ.ಗೆ ರಾಶಿ ಹೂವು ಬೇಕು, ಬಿಡಿಸುವ ಕೂಲಿಯೂ ಹೆಚ್ಚು. ವರಮಹಾಲಕ್ಷ್ಮಿ ಹಬ್ಬಕ್ಕೆ ಅದರ ಬೆಲೆ ಸಾವಿರ ದಾಟಿತು ಎಂಬ ಸುದ್ದಿ ಬರುವುದು ಇದರಿಂದಲೇ.

ಚೆಂಡುಹೂವು, ಸೇವಂತಿಗೆಯಲ್ಲಿ ನಾವು ಒಂದು ಹೂವು ಎಂದುಕೊಳ್ಳುವುದು ನಿಜಕ್ಕೂ ಹಲವು ಪುಟ್ಟ ಹೂಗಳ ಒತ್ತು ಗೊಂಚಲು. ಬುಡಕ್ಕೆ ಸೂಜಿ ಚುಚ್ಚಿದರೂ ಎಸಳು ಉದುರದು. ಅಂದಹಾಗೆ, ಆಯುಧಪೂಜೆಯ ದಿನ ಊರಿನ ಬಸ್ಸು, ಆಟೋ, ಲೇತ್ ಮಷೀನ್‌ಗಳ ಮೇಲೆಲ್ಲ ತೂಗುವ ಚೆಂಡುಹೂವು ಮೂಲತಃ ಅಮೆರಿಕ ಖಂಡದ್ದು. ಸುಗಂಧರಾಜವೂ ಮೆಕ್ಸಿಕೋ ಕಡೆಯದೇ. ಯುರೋಪಿನ ಹಡಗುಗಳು ಆ ಖಂಡ ಮುಟ್ಟಿದ ಮೇಲಷ್ಟೇ ಇವು ಇತ್ತ ಬಂದದ್ದು. ಮೆಕ್ಸಿಕೋದಲ್ಲಿ ಇವತ್ತಿಗೂ ನವೆಂಬರ್ 1 ಮತ್ತು 2ರಂದು ತೀರಿಕೊಂಡವರನ್ನು ಮನೆಗೆ ಕರೆಯಲು ಇದೇ ಚೆಂಡುಹೂವನ್ನು ಹಾಸುತ್ತಾರೆ. ನಮ್ಮಲ್ಲಿ ಮಂಗಳಕ್ಕೆ, ಅಲ್ಲಿ ಪಿತೃಗಳಿಗೆ.

## ದೇವರ ಕೊರಳಿಗೆ

ದೇವರಿಗೆ ಹಾಕುವ ಹಾರದಲ್ಲಿ ಹೂವೇ ಇರಬೇಕೆಂದಿಲ್ಲ. ವಿಷ್ಣುವಿಗೆ ತುಳಸಿ, ಶಿವನಿಗೆ ಬಿಲ್ವ, ಗಣಪತಿಗೆ ಗರಿಕೆ ಮತ್ತು ಎಕ್ಕ, ಆಂಜನೇಯನಿಗೆ ವೀಳ್ಯದೆಲೆ ಮತ್ತು ವಡೆ, ಶಕ್ತಿ ದೇವತೆಗಳಿಗೆ ನಿಂಬೆಹಣ್ಣು. ದೇವರು ಬದಲಾದಂತೆ ಪೋಣಿಸುವ ವಸ್ತು ಬದಲಾಗುತ್ತದೆ. ಬದಲಾಗದೆ ಉಳಿಯುವುದು ದಿಕ್ಕು. ಹೂವು ಇಲ್ಲಿಂದ ದೇವರಿಗೆ ಹೋಗಬೇಕು, ಅಲ್ಲಿಂದ ಪ್ರಸಾದವಾಗಿ ಮರಳಬೇಕು. ಮೂಸಿದ ಹೂವು, ಮುಡಿದ ಹೂವು ದೇವರಿಗೆ ಸಲ್ಲದು ಎನ್ನುವುದು ಇದಕ್ಕೇ. ದೇವರ ಮೇಲಿಂದ ತೆಗೆದ ಹೂವಿಗೆ ನಿರ್ಮಾಲ್ಯ ಎನ್ನುತ್ತಾರೆ. ಅದನ್ನು ಕಣ್ಣಿಗೊತ್ತಿಕೊಂಡು ಮುಡಿಯಬಹುದು.

ಈ ದಿಕ್ಕನ್ನು ತಿರುಗಿಸಿದ ಒಬ್ಬಳ ಕಥೆ ದಕ್ಷಿಣದಲ್ಲೆಲ್ಲ ಗೊತ್ತು. ಶ್ರೀವಿಲ್ಲಿಪುತ್ತೂರಿನ ಆಂಡಾಳ್, ತಂದೆ ದೇವರಿಗೆಂದು ಕಟ್ಟಿಟ್ಟ ಹಾರವನ್ನು ಮೊದಲು ತಾನು ಹಾಕಿಕೊಂಡು ನೋಡುತ್ತಿದ್ದಳು. ತಂದೆಗೆ ಗೊತ್ತಾಗಿ ಬೇರೆ ಹಾರ ಕೊಟ್ಟರೆ, ಅವಳು ಮುಡಿದದ್ದೇ ಬೇಕೆಂದು ದೇವರು ಕೇಳಿದ ಎಂಬುದು ನಂಬಿಕೆ. ಇಂದಿಗೂ ತಿರುಮಲೆಯ ಬ್ರಹ್ಮೋತ್ಸವದ ಗರುಡಸೇವೆಗೆ ಶ್ರೀವಿಲ್ಲಿಪುತ್ತೂರಿನಿಂದ ಆಂಡಾಳ್ ಮುಡಿದ ಹಾರ ಹೋಗುತ್ತದೆ.

ನಮ್ಮೂರಿನ ಕರಗದಲ್ಲಿ ಹೂವು ಹಾರದ ಹಂತವನ್ನೇ ದಾಟುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಹೊತ್ತವರ ತಲೆಯಿಂದ ಭುಜದ ತನಕ ಮಲ್ಲಿಗೆಯದೇ ಗೋಪುರ. ದಾರಿಯುದ್ದಕ್ಕೂ ಜನ ಎರಚುವುದೂ ಮಲ್ಲಿಗೆ. ಕರಗ ನಡೆಸಿಕೊಂಡು ಬಂದ ತಿಗಳರು ತೋಟಗಾರಿಕೆಯವರು, ಹೂವು ತರಕಾರಿ ಬೆಳೆದು ಊರಿಗೆ ಕೊಟ್ಟವರು. ಬೆಳೆದವರೇ ಹೊತ್ತು ನಡೆಯುವ ಹಬ್ಬ ಇದು. ಕರಗ ಹಾದುಹೋಗುವ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದಲ್ಲೂ ಹೂವಿದೆ. ದರ್ಗಾಗಳಲ್ಲಿ ಅದು ಚಾದರ್ ರೂಪದಲ್ಲಿ ಸಮಾಧಿಯ ಮೇಲೆ ಹರಡಿಕೊಳ್ಳುತ್ತದೆ.

## ಮದುವೆಯಲ್ಲಿ ಮಾತ್ರ ಎರಡೂ ಕಡೆ

ಬೇರೆಲ್ಲ ಕಡೆ ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕಿಸಿಕೊಳ್ಳುತ್ತಾರೆ. ಹಾಕಿಸಿಕೊಂಡವರು ಒಂದು ಮೆಟ್ಟಿಲು ಮೇಲೆ. ಮದುವೆಯ ಹಾರ ಬದಲಾವಣೆಯಲ್ಲಿ ಇಬ್ಬರೂ ಹಾಕುವವರೇ, ಇಬ್ಬರೂ ಹಾಕಿಸಿಕೊಳ್ಳುವವರೇ. ಗೆಳೆಯರು ವರನನ್ನು ಎತ್ತಿ ಹಿಡಿದು ಆಟ ಆಡಿಸುವುದು ಈ ಸಮಾನತೆಯ ಮೇಲೆ ಮಾಡುವ ತಮಾಷೆ.

ಹಿಂದಿನ ಕಥೆಗಳ ಸ್ವಯಂವರದಲ್ಲಿ ಹಾರ ಒಂದೇ ಕಡೆಯಿಂದ ಹೋಗುತ್ತಿತ್ತು. ಹಾಕಿದರೆ ಆಯ್ಕೆ ಮುಗಿಯಿತು. ಮಹಾಭಾರತದ ದಮಯಂತಿಯ ಮುಂದೆ ನಳನ ರೂಪದಲ್ಲಿ ಐವರು ನಿಂತಿದ್ದರು, ಅವರಲ್ಲಿ ನಾಲ್ವರು ದೇವತೆಗಳು. ಅವಳು ನಿಜವಾದ ನಳನನ್ನು ಹುಡುಕಿದ್ದು ಹೇಗೆ? ದೇವತೆಗಳಿಗೆ ಬೆವರಿರಲಿಲ್ಲ, ಕಾಲು ನೆಲಕ್ಕೆ ತಾಗಿರಲಿಲ್ಲ, ಕೊರಳಿನ ಹಾರ ಬಾಡಿರಲಿಲ್ಲ. ನಳನ ಹಾರ ಬಾಡಿತ್ತು. ಅವಳು ಹಾರ ಹಾಕಿದ್ದು ಅವನಿಗೆ.

ಹಾರ ಬದಲಿಸಿದರೆ ಕಾನೂನಿನ ಪ್ರಕಾರ ಮದುವೆ ಆದಂತೆಯೇ? ತಮಿಳುನಾಡಿನಲ್ಲಿ ಹೌದು ಎನ್ನಬಹುದು. ಹಿಂದೂ ವಿವಾಹ ಕಾಯ್ದೆಗೆ ಆ ರಾಜ್ಯ 1967ರಲ್ಲಿ ಮಾಡಿದ ತಿದ್ದುಪಡಿಯಂತೆ, ಬಂಧುಗಳು ಅಥವಾ ಸ್ನೇಹಿತರ ಎದುರು ಗಂಡುಹೆಣ್ಣು ಪರಸ್ಪರ ಒಪ್ಪಿಕೊಂಡೆವೆಂದು ಹೇಳಿ ಹಾರ ಹಾಕಿಕೊಂಡರೂ ಮದುವೆ ಊರ್ಜಿತ. ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಸರಿಯೇ. ಕರ್ನಾಟಕದಲ್ಲಿ ಇಂಥ ತಿದ್ದುಪಡಿ ಇಲ್ಲ. ಇಲ್ಲಿ ಹಿಂದೂ ವಿವಾಹಕ್ಕೆ ಎರಡರಲ್ಲಿ ಒಂದು ಕಡೆಯವರ ರೂಢಿಯ ಶಾಸ್ತ್ರ ನಡೆದಿರಬೇಕು. ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಕಚೇರಿಯಲ್ಲಿ ಆಗುವ ಮದುವೆಗೆ ಬೇಕಿರುವುದು ಒಪ್ಪಿಗೆಯ ಮಾತು, ಸಹಿ, ಸಾಕ್ಷಿಗಳು. ಅಲ್ಲಿ ಕಾಣುವ ಹಾರ ಫೋಟೋಗೆ.

## ಸನ್ಮಾನ, ಕ್ರೇನ್, ಸೇಬು

ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಸನ್ಮಾನ ಎಂದರೆ ನಮಗೆ ಇವು ನಾಲ್ಕು. ಹೂವು ಬಾಡುತ್ತದೆ ಎಂದು ಕೆಲವರು ಗಂಧದ ಚಕ್ಕೆಯ ಹಾರ ತರುತ್ತಾರೆ. ಹಾವೇರಿಯವರ ಹೆಮ್ಮೆ ಏಲಕ್ಕಿ ಹಾರ. ಆ ಊರಿಗೆ ಹೋದ ಗಣ್ಯರು ಏಲಕ್ಕಿಯ ಘಮ ಹೊತ್ತೇ ಹಿಂತಿರುಗುತ್ತಾರೆ. ಸ್ವಾತಂತ್ರ್ಯ ಹೋರಾಟದ ಕಾಲದಿಂದ ಖಾದಿ ನೂಲಿನ ಹಾರವೂ ಉಳಿದುಕೊಂಡಿದೆ.

ಹಾಕಿಸಿಕೊಂಡ ಹಾರವನ್ನು ಕೂಡಲೇ ತೆಗೆಯುವುದೇಕೆ? ದೇವರಿಗೆ ಸಲ್ಲುವ ಮರ್ಯಾದೆಯನ್ನು ಮನುಷ್ಯನಿಗೆ ಸಲ್ಲಿಸಿದ್ದಾರೆ. ಅದನ್ನು ಹೊತ್ತುಕೊಂಡೇ ಕೂತರೆ ‘ನಾನು ಅದಕ್ಕೆ ತಕ್ಕವನೇ’ ಎಂದಂತಾಗುತ್ತದೆ. ಸ್ವೀಕರಿಸಿ, ಕೈಮುಗಿದು, ತೆಗೆದಿಡುವುದು ವಿನಯ. ಹತ್ತಿರದ ಮಗುವಿಗೋ, ಹಿರಿಯರಿಗೋ ಹಾಕಿದರೆ ಇನ್ನೂ ಚೆಂದ. (ಹತ್ತು ಸಂಘಗಳು ಒಂದೊಂದು ಹಾರ ಹಾಕಿದರೆ ಕುತ್ತಿಗೆಯೂ ನೋಯುತ್ತದೆ, ಅದು ಬೇರೆ ಮಾತು.) ಹವಾಯಿಯಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಅತಿಥಿಗೆ ಹಾಕುವ ಹೂಮಾಲೆಗೆ ‘ಲೇ’ ಎನ್ನುತ್ತಾರೆ. ಕೊಟ್ಟವರ ಎದುರೇ ಅದನ್ನು ತೆಗೆದರೆ ಅವರ ಪ್ರೀತಿಯನ್ನೇ ತಳ್ಳಿದಂತೆ.

ಚುನಾವಣೆ ಬಂದರೆ ಹಾರದ ಅಳತೆಯೇ ತಪ್ಪುತ್ತದೆ. ಬೆಂಗಳೂರಿನ ಸುತ್ತಮುತ್ತ, ರಾಮನಗರ, ಮಂಡ್ಯದ ಕಡೆ ಕ್ರೇನ್‌ನಿಂದ ತೂಗುಬಿಟ್ಟ ಸೇಬಿನ ಹಾರಗಳನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಇವನ್ನು ಯಾವ ಕೊರಳೂ ಹೊರಲಾರದು. ನಾಯಕರು ವಾಹನದ ಮೇಲೆ ನಿಂತು ಕೈಯಿಂದ ಮುಟ್ಟುತ್ತಾರೆ, ಆಮೇಲೆ ಜನ ಸೇಬು ಕಿತ್ತುಕೊಳ್ಳುತ್ತಾರೆ. ಇಲ್ಲಿ ಹಾರ ಗೌರವಕ್ಕಿಂತ ಬಲಪ್ರದರ್ಶನ. ಎಷ್ಟು ಜನ, ಎಷ್ಟು ಖರ್ಚು, ಯಾವ ಊರಿನವರು ಎಂದು ದೂರದಿಂದಲೇ ಕಾಣಬೇಕು. ಇದಕ್ಕೆ ಎದುರಾಗಿ, 2023ರ ಮೇ ತಿಂಗಳಲ್ಲಿ ಅಧಿಕಾರ ವಹಿಸಿಕೊಂಡ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಹಾರ, ಶಾಲು ಬೇಡ, ಕೊಡುವುದಿದ್ದರೆ ಪುಸ್ತಕ ಕೊಡಿ ಎಂದು ಪ್ರಕಟಿಸಿದ್ದರು.

ಚಪ್ಪಲಿ ಹಾರ ಅಷ್ಟು ದೊಡ್ಡ ಅವಮಾನ ಆಗುವುದೂ ಇದೇ ತರ್ಕದಿಂದ. ಅತಿ ಹೆಚ್ಚಿನ ಗೌರವದ ಜಾಗ ಕೊರಳು. ಕಾಲಿನದನ್ನು ತಂದು ಅಲ್ಲಿಗೇ ಹಾಕಿದರೆ ಬೈಗುಳವೇ ಬೇಕಿಲ್ಲ.

## ಫೋಟೋ ಮೇಲಿನ ಹಾರ

ಗೋಡೆಯ ಮೇಲಿನ ಫೋಟೋಗೆ ಹಾರ ಬಿದ್ದಿದೆ ಎಂದರೆ ಆ ವ್ಯಕ್ತಿ ಇಲ್ಲ ಎಂದರ್ಥ. ಹೀಗಾಗಿ ಬದುಕಿರುವವರ ಫೋಟೋಗೆ ಹುಟ್ಟುಹಬ್ಬದ ಸಂಭ್ರಮಕ್ಕೂ ಹಾರ ಹಾಕುವುದಿಲ್ಲ. ಕೆಂಪೇಗೌಡ, ಬಸವಣ್ಣ, ಅಂಬೇಡ್ಕರ್ ಪ್ರತಿಮೆಗಳಿಗೆ ಜಯಂತಿಯಂದು ಹಾಕುವ ಮಾಲಾರ್ಪಣೆಯೂ ಇದೇ ಸಾಲಿನದು: ವ್ಯಕ್ತಿ ಇಲ್ಲ, ಆದರೆ ಹಾರ ಹಾಕಲು ಕೊರಳಿದೆ.

ಒಂದು ಅಪವಾದವನ್ನು ಗಾಂಧಿನಗರದ ಚಿತ್ರಮಂದಿರಗಳ ಮುಂದೆ ನೋಡಬಹುದು. ಹೊಸ ಸಿನಿಮಾ ಬಿಡುಗಡೆಯ ದಿನ ನಟರ ಆಳೆತ್ತರ ಮೀರಿದ ಕಟೌಟ್‌ಗಳಿಗೆ ಭಾರಿ ಹಾರ, ಹಾಲಿನ ಅಭಿಷೇಕ. ನಟರು ಬದುಕಿದ್ದಾರೆ, ಯಾರಿಗೂ ಅಪಶಕುನ ಅನಿಸುವುದಿಲ್ಲ. ಅಭಿಮಾನಿಗಳ ಪಾಲಿಗೆ ಕಟೌಟ್ ಫೋಟೋ ಸಾಲಿಗೆ ಸೇರಿಲ್ಲ, ಉತ್ಸವಮೂರ್ತಿಯ ಸಾಲಿಗೆ ಸೇರಿದೆ.

## ದುಂಡಗಿನ ರೀತ್ ಬಂದ ದಾರಿ

1922ರಲ್ಲಿ ಪತ್ತೆಯಾದ ಈಜಿಪ್ಟಿನ ದೊರೆ ತುತನ್‌ಖಾಮೂನನ ಸಮಾಧಿಯಲ್ಲಿ, ಶವಪೆಟ್ಟಿಗೆಯ ಹಣೆಯ ಮೇಲೆ ಆಲಿವ್ ಎಲೆ ಮತ್ತು ಹೂಗಳ ಪುಟ್ಟ ಚಕ್ರ ಸಿಕ್ಕಿತು. ಮೂರು ಸಾವಿರ ವರ್ಷ ಮೀರಿ ಉಳಿದ ಹೂವು ಅದು.

ಗ್ರೀಕರ ಕೈಯಲ್ಲಿ ಅದು ಬದುಕಿರುವವರ ತಲೆಗೇರಿತು. ಒಲಿಂಪಿಯಾದ ಆಟಗಳಲ್ಲಿ ಗೆದ್ದವರಿಗೆ ಕಾಡು ಆಲಿವ್ ಕೊಂಬೆಯ ಚಕ್ರ, ಡೆಲ್ಫಿಯಲ್ಲಿ ಲಾರೆಲ್ ಎಲೆಯದು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ತಲೆ ಮೇಲೆ ಎಲೆಗಳ ಚಕ್ರ ಕಂಡಿದ್ದು ಈ ನೆನಪಿಗೆ. ರೋಮನ್ನರು ಇದಕ್ಕೆ ದರ್ಜೆ ಕೊಟ್ಟರು. ಜೊತೆಗಾರನ ಜೀವ ಉಳಿಸಿದ ಸೈನಿಕನಿಗೆ ಓಕ್ ಎಲೆಯ ಚಕ್ರ. ಮುತ್ತಿಗೆಗೆ ಸಿಕ್ಕ ಇಡೀ ಸೈನ್ಯವನ್ನೇ ಬಿಡಿಸಿದ ಸೇನಾಪತಿಗೆ ಎಲ್ಲಕ್ಕಿಂತ ದೊಡ್ಡ ಗೌರವ: ಆ ರಣಭೂಮಿಯಲ್ಲೇ ಕಿತ್ತ ಹುಲ್ಲಿನ ಚಕ್ರ. ಗರಿಕೆಗೆ ಒಲಿಯುವ ಗಣಪತಿ ಗೊತ್ತಿರುವ ನಮಗೆ ಇದೇನು ವಿಚಿತ್ರ ಅನಿಸಬೇಕಿಲ್ಲ.

ಕ್ರೈಸ್ತರಲ್ಲಿ ಚಕ್ರಕ್ಕೆ ಇನ್ನೊಂದು ಅರ್ಥ ಸೇರಿತು. ಬಳೆಗೆ ಮೊದಲಿಲ್ಲ, ಕೊನೆಯಿಲ್ಲ. ಯುರೋಪಿನ ಹಿಮಗಾಲದಲ್ಲಿ ಎಲ್ಲ ಮರ ಬೋಳಾದಾಗಲೂ ಹಸಿರಾಗಿ ಉಳಿಯುವ ಎಲೆಗಳಿಂದ ಅದನ್ನು ಮಾಡಿದರೆ ಸಾವಿನಾಚೆಗೂ ಬದುಕಿದೆ ಎಂಬ ನಂಬಿಕೆಗೆ ಸರಿಯಾದ ಗುರುತು. ಕ್ರಿಸ್ಮಸ್‌ಗೂ ಸಮಾಧಿಗೂ ಒಂದೇ ಆಕಾರ ಒಗ್ಗುವುದು ಹೀಗೆ. ಒಂದು ಕಡೆ ಅದು ಹುಟ್ಟಿನ ಸುದ್ದಿ, ಇನ್ನೊಂದು ಕಡೆ ಮರುಹುಟ್ಟಿನ ಭರವಸೆ. ಬಾಗಿಲಿಗೆ ಕಟ್ಟುವ ಹಸಿರು ಚಕ್ರವನ್ನು ನಮ್ಮ ಮಾವಿನ ತೋರಣದಂತೆ ನೋಡಿದರೆ ಸಾಕು: ಈ ಮನೆಯಲ್ಲಿ ಹಬ್ಬ ಇದೆ, ಬನ್ನಿ. ಚರ್ಚ್‌ಗಳಲ್ಲಿ ಮೇಣದಬತ್ತಿ ಸಿಕ್ಕಿಸಿ ಮಲಗಿಸಿಟ್ಟ ಚಕ್ರ ಕಂಡರೆ ಅದು ಆಗಮನ ಕಾಲದ್ದು, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಕಾಯುವ ವಾರಗಳದ್ದು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿ, ಕ್ರಿಸ್ಮಸ್ ಯಾವಾಗ ಎಂದು ದಿನಾ ಪೀಡಿಸುತ್ತಿದ್ದ ಮಕ್ಕಳಿಗಾಗಿ ಬಂಡಿಯ ಚಕ್ರದ ಮೇಲೆ ಮೇಣದಬತ್ತಿ ನಿಲ್ಲಿಸಿ ದಿನ ಎಣಿಸಲು ಕಲಿಸಿದ್ದರು. ಈಗ ನಾಲ್ಕು ಭಾನುವಾರಕ್ಕೆ ನಾಲ್ಕು ಬತ್ತಿ.

ಸೈನಿಕ ಸ್ಮಾರಕಗಳಿಗೆ ರೀತ್ ಬಂದದ್ದು ಬ್ರಿಟಿಷ್ ಸೇನೆಯ ರೂಢಿಯಿಂದ. ಜುಲೈ 26ರ ಕಾರ್ಗಿಲ್ ವಿಜಯ ದಿನದಂದು, ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದಂದು ಬೆಂಗಳೂರಿನಲ್ಲೂ ಇದನ್ನು ಕಾಣಬಹುದು. ಎರಡನೆಯದು 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಗಳ ದಾಳಿಗೆ ಬಲಿಯಾದ 10 ಪೊಲೀಸರ ನೆನಪಿನ ದಿನ. ನಿಧಾನ ನಡಿಗೆ, ಬಾಗಿ ರೀತ್ ಇಡುವುದು, ಒಂದು ಹೆಜ್ಜೆ ಹಿಂದೆ, ಸೆಲ್ಯೂಟ್, ಕಹಳೆ, ಮೌನ. ಇಲ್ಲಿ ಹೆಸರು ಗೊತ್ತಿಲ್ಲದವರೂ ಸೇರಿ ಎಷ್ಟೋ ಜನರಿಗೆ ಒಟ್ಟಿಗೆ ಗೌರವ ಸಲ್ಲಬೇಕು. ಹಾರ ಹಾಕಲು ಒಂದು ಮುಖವಿಲ್ಲ. ತಾರಾಲಯದ ಹತ್ತಿರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಎದ್ದುನಿಂತಿರುವುದು ವೀರಗಲ್ಲು. ಸತ್ತ ಯೋಧನಿಗೆ ಕಲ್ಲು ನಿಲ್ಲಿಸುವ ಪದ್ಧತಿ ಇಲ್ಲಿ ರೀತ್‌ಗಿಂತ ಎಷ್ಟೋ ಹಳೆಯದು. ಬೆಂಗಳೂರು ಎಂಬ ಹೆಸರು ಸಿಗುವ ಸುಮಾರು 890ರ ಬೇಗೂರಿನ ಶಾಸನವೂ ಕಾಳಗದಲ್ಲಿ ಮಡಿದವನ ನೆನಪಿನದೇ.

## ಹಾಗಾದರೆ ಏನು ಒಯ್ಯಬೇಕು?

ಹಿಂದೂ ಮನೆಯ ಸಾವಿಗೆ ಹಾರ. ಸುಗಂಧರಾಜ, ಗುಲಾಬಿ, ಸೇವಂತಿಗೆ ಯಾವುದಾದರೂ ಆದೀತು. ಕ್ರೈಸ್ತರ ಮನೆಗೆ ರೀತ್ ಒಯ್ಯಬಹುದು. ಬೆಂಗಳೂರಿನ ಕನ್ನಡ, ತಮಿಳು ಕ್ರೈಸ್ತರಲ್ಲಿ ಹಾರವೂ ಸಹಜವೇ, ತಪ್ಪೇನಿಲ್ಲ. ರೀತ್ ಒಯ್ದರೆ ಕಳಿಸಿದವರ ಹೆಸರಿನ ಚೀಟಿ ಇರಲಿ. ನವೆಂಬರ್ 2ರ ಸಕಲ ಆತ್ಮಗಳ ದಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ ಎರಡನ್ನೂ ಕಾಣಬಹುದು. ಮುಸ್ಲಿಂ ಮನೆಯ ಸಾವಿಗೆ ಏನೂ ಒಯ್ಯದೆ ಹೋಗಿ ನಿಂತರೆ ಸಾಕು. ಅವರಲ್ಲಿ ಹಾರ ಕಾಣುವುದು ಮದುವೆಯಲ್ಲಿ, ಹಜ್‌ಗೆ ಹೊರಟವರನ್ನು ಬೀಳ್ಕೊಡುವಾಗ. ಬದುಕಿರುವ ಯಾರಿಗೂ, ನಿವೃತ್ತಿ ಸಮಾರಂಭಕ್ಕೂ, ಅಂಗಡಿ ಉದ್ಘಾಟನೆಗೂ ಹೂವಿನ ರೀತ್ ಕೊಡಬೇಡಿ. ಅಲ್ಲಿಗೆ ಹಾರ ಅಥವಾ ಬೊಕೆ.

ಆರ್ಡರ್ ಕೊಡುವಾಗ ಒಳಗೇನಿದೆ ಎಂದು ಕೇಳುವುದು ಒಳ್ಳೆಯದು. ರೀತ್‌ಗಳಲ್ಲಿ ಹೂವು ಚುಚ್ಚಲು ಬಳಸುವ ಹಸಿರು ಸ್ಪಂಜು ಒಂದು ಬಗೆಯ ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗದು. ಬಿದಿರು ಅಥವಾ ಹುಲ್ಲಿನ ಬಳೆ ಕೇಳಿದರೆ ಮಾಡಿಕೊಡುವವರಿದ್ದಾರೆ. ಹಾರದಲ್ಲಿ ಜರಿ, ಪ್ಲಾಸ್ಟಿಕ್ ಎಲೆ, ನೈಲಾನ್ ದಾರ ಇದ್ದರೆ ಗೊಬ್ಬರದ ಗುಂಡಿಗೆ ಹಾಕುವ ಮೊದಲು ಬಿಡಿಸಿ ತೆಗೆಯಬೇಕು. ಬಾಳೆನಾರಿನದಾದರೆ ಹಾಗೇ ಹಾಕಬಹುದು.